ಸಹಾಯಧನ ಇಲ್ಲದಿದ್ದರೆ ಏನಾಗುತ್ತಿತ್ತು?

ಮನೆ ಬೆಚ್ಚಗಿಡುವ ಕಡಿಮೆ ಇಂಗಾಲದ ಸಾಧನಗಳಿಗೆ ಸರ್ಕಾರ ಕೊಡುವ ಸಹಾಯಧನ ಸಾರ್ಥಕವೇ? ಶಿರಸಿಯಲ್ಲಿ ನಾವು ಮನೆ ಕಾಯಿಸುವುದಿಲ್ಲ, ಸ್ನಾನದ ನೀರು ಕಾಯಿಸುತ್ತೇವೆ. ಲೆಕ್ಕದ ದಾರಿ ಮಾತ್ರ ಒಂದೇ.

ನೂರು ಲೀಟರ್ ನೀರಿನ ಬಿಸಿಯನ್ನು 20 ಡಿಗ್ರಿ ಏರಿಸಲು ಸುಮಾರು 2.3 ಯೂನಿಟ್ ಶಕ್ತಿ ಬೇಕು. ಗೀಸರ್ ಅಷ್ಟೂ ವಿದ್ಯುತ್ ಎಳೆಯುತ್ತದೆ. ಹೀಟ್ ಪಂಪ್ ಹೊರಗಿನ ಗಾಳಿಯ ಶಾಖವನ್ನು ಒಳಗೆ ಸಾಗಿಸುವುದರಿಂದ, ಅದರ ದಕ್ಷತೆ ಮೂರು ಪಟ್ಟು ಎಂದು ಹಿಡಿದರೆ, 0.8 ಯೂನಿಟ್ ಸಾಕು. ಉಳಿತಾಯ ನಿಜ. ಆದರೆ ಆ ಉಳಿತಾಯ ಸರ್ಕಾರದ ಹಣದಿಂದಲೇ ಬಂದದ್ದೇ?

ಇಲ್ಲಿಯೇ ನಾವೆಲ್ಲ ಎಡವುತ್ತೇವೆ. ನೂರು ಮನೆಗಳಿಗೆ ತಲಾ 10,000 ರೂಪಾಯಿ ಕೊಟ್ಟರು ಎಂದುಕೊಳ್ಳಿ. ಅವರಲ್ಲಿ 60 ಮಂದಿ ಹೇಗೂ ಕೊಳ್ಳುವವರೇ ಆಗಿದ್ದರೆ, ಹಣ ಬದಲಾಯಿಸಿದ್ದು 40 ಮನೆಗಳನ್ನು ಮಾತ್ರ. ಒಂದು ಮನೆಗೆ ಬಿದ್ದ ನಿಜವಾದ ಖರ್ಚು 25,000. ಹಂಚಿದ ಯಂತ್ರಗಳನ್ನು ಎಣಿಸುವ ವರದಿ ಈ ಅಂತರವನ್ನು ಮುಚ್ಚಿಬಿಡುತ್ತದೆ.

ಬ್ರಿಟನ್ನಿನ ಅನುಭವ ಓದಲೇಬೇಕು. ಮನೆಯ ಶಾಖ ಸೋರದಂತೆ ಮಾಡಲು ಮತ್ತು ಕಡಿಮೆ ಇಂಗಾಲದ ಸಾಧನ ಕೂರಿಸಲು ಹಣ ಕೊಡುವ, 2020ರಲ್ಲಿ ಶುರುವಾದ ಗ್ರೀನ್ ಹೋಮ್ಸ್ ಗ್ರಾಂಟ್ ಯೋಜನೆ ಆರು ಲಕ್ಷ ಮನೆಗಳ ಗುರಿ ಇಟ್ಟುಕೊಂಡು, 2021ರ ಮಾರ್ಚ್‌ನಲ್ಲೇ ಹೊಸ ಅರ್ಜಿಗಳಿಗೆ ಬಾಗಿಲು ಹಾಕಿತು. ಉತ್ತರ ಐರ್ಲೆಂಡಿನಲ್ಲಿ ಕಟ್ಟಿಗೆಯಂಥ ನವೀಕರಿಸಬಹುದಾದ ಇಂಧನ ಉರಿಸಿದ್ದಕ್ಕೆ 2012ರಿಂದ ಉದ್ದಿಮೆಗಳಿಗೆ ಕೊಟ್ಟ ಸಹಾಯಧನ ಇಂಧನದ ಬೆಲೆಗಿಂತಲೂ ಹೆಚ್ಚಾಯಿತು. ಹೆಚ್ಚು ಉರಿಸಿದಷ್ಟೂ ಲಾಭ. ಆ ಹಗರಣದ ಬಿಸಿಗೆ 2017ರಲ್ಲಿ ಅಲ್ಲಿನ ಸರ್ಕಾರವೇ ಬಿತ್ತು. ಈಗ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿರುವ ಬಾಯ್ಲರ್ ಅಪ್‌ಗ್ರೇಡ್ ಸ್ಕೀಮ್ ಬೇರೆ ಬಗೆಯದು: ಸಾಧನ ಅಳವಡಿಸುವಾಗ ಒಮ್ಮೆ ಹಣ, ಅಷ್ಟೇ. ಗಾಳಿಯಿಂದ ಶಾಖ ಪಡೆಯುವ ಹೀಟ್ ಪಂಪ್‌ಗೆ 5,000 ಪೌಂಡ್ ಇದ್ದದ್ದನ್ನು 2023ರ ಅಕ್ಟೋಬರ್‌ನಲ್ಲಿ 7,500ಕ್ಕೆ ಏರಿಸಿದರು. ಉರಿಸಿದ್ದಕ್ಕೆ ಹಣ ಕೊಡುವುದಕ್ಕಿಂತ ಇದು ಎಷ್ಟೋ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನೊಂದು ಪ್ರಶ್ನೆ: ಹೊಸ ಸಾಧನ ಯಾವುದರ ಜಾಗಕ್ಕೆ ಬರುತ್ತದೆ? ಕಾರವಾರದ ಫ್ಲ್ಯಾಟಿನಲ್ಲಿ ಗೀಸರ್ ತೆಗೆದು ಸೋಲಾರ್ ಕೂರಿಸಿದರೆ ವಿದ್ಯುತ್ ನೇರವಾಗಿ ಉಳಿಯುತ್ತದೆ. ನಮ್ಮ ಮನೆಯ ಬಚ್ಚಲ ಒಲೆಯ ಕಥೆ ಹಾಗಲ್ಲ. ಹಂಡೆಯ ಕೆಳಗೆ ಉರಿಯುವುದು ಅಡಿಕೆ ಸಿಪ್ಪೆ, ಒಣ ಸೋಗೆ, ತೆಂಗಿನ ಚಿಪ್ಪು. ತೋಟದಲ್ಲೇ ಕೊಳೆತಿದ್ದರೂ ಅವುಗಳ ಇಂಗಾಲದ ಬಹುಪಾಲು ಗಾಳಿಗೇ ಸೇರುತ್ತಿತ್ತು. ಹಾಗಾಗಿ ಇಲ್ಲಿ ಒಂದು ಟನ್ ಇಂಗಾಲ ತಪ್ಪಿಸಲು ತಗಲುವ ಖರ್ಚು ಬಹಳ ಹೆಚ್ಚು.

ಮಳೆಗಾಲದಲ್ಲಿ ಹಸಿ ಸಿಪ್ಪೆ ಹೊಗೆಯಾಡುವಾಗ ಅಮ್ಮ ಊದುಕೊಳವೆ ಹಿಡಿದು, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವುದನ್ನು ನೋಡುತ್ತಲೇ ಬೆಳೆದವನು ನಾನು. ಆ ಹೊಗೆ ತಪ್ಪಿಸಲು ಹಣ ಕೊಡುವುದು ನ್ಯಾಯವೇ. ಆದರೆ ಸಹಾಯಧನ ಸಾರ್ಥಕವೇ ಎಂಬ ಪ್ರಶ್ನೆಗೆ ಉತ್ತರ ಬರೆಯುವಾಗ ಅದನ್ನು ಇಂಗಾಲದ ಲೆಕ್ಕಕ್ಕೆ ಸೇರಿಸಬೇಡಿ. ಆರೋಗ್ಯದ ಲಾಭವೆಂದು ಬೇರೆಯಾಗಿ, ಅಷ್ಟೇ ದಪ್ಪ ಅಕ್ಷರದಲ್ಲಿ ಬರೆಯಿರಿ.