ಫೋಸೆನ್ ಪ್ರಕರಣ: ಹಸಿರು ವಿದ್ಯುತ್ತು, ಸಾಮಿ ಜನರ ಬೆಟ್ಟ

ಹವಾಮಾನ ನ್ಯಾಯ (ಹವಾಮಾನ ಕೆಟ್ಟದ್ದರ ಹೊರೆ ಯಾರು ಹೊರಬೇಕು ಅನ್ನುವ ಪ್ರಶ್ನೆ) ಅಂದ ಕೂಡಲೇ ಕಲ್ಲಿದ್ದಲು, ಪೆಟ್ರೋಲು ಅಂತ ಬರೆದು ಮುಗಿಸುವವರೇ ಜಾಸ್ತಿ. ಗಾಳಿಯಂತ್ರದಿಂದಲೂ ಅನ್ಯಾಯ ಆಗುತ್ತದೆ ಅನ್ನೋದು ತಿಳಿಯಬೇಕಾದರೆ ನಾರ್ವೆಯ ಈ ಪ್ರಕರಣ ಓದಲೇಬೇಕು.

ಫೋಸೆನ್ ನಡು ನಾರ್ವೆಯ ಕರಾವಳಿ ಪ್ರದೇಶ. ಅಲ್ಲಿನ ಮೂಲನಿವಾಸಿಗಳಾದ ಸಾಮಿ ಕುಟುಂಬಗಳು ಹಿಮಸಾರಂಗ ಮೇಯಿಸಿಕೊಂಡು ಬಂದಿವೆ. ಚಳಿಗಾಲದಲ್ಲಿ ಅವಕ್ಕೆ ಮುಖ್ಯ ಮೇವು ನಮ್ಮ ಮಸಾಲೆ ಡಬ್ಬಿಯ ಕಲ್ಲುಹೂವಿನಂಥದ್ದೇ ಒಂದು, ಅದನ್ನು ಗೊರಸಿನಿಂದ ಹಿಮ ಕೆದಕಿ ತಿನ್ನುತ್ತವೆ. ಈಗ ಭೂಮಿ ಬಿಸಿಯಾಗಿ ಚಳಿಗಾಲದ ನಡುವೆಯೇ ಮಳೆ ಬೀಳುತ್ತದೆ, ಆಮೇಲೆ ಆ ನೀರು ಹೆಪ್ಪುಗಟ್ಟಿ ಮೇವಿನ ಮೇಲೆ ಗಾಜಿನಂತೆ ಕೂರುತ್ತದೆ, ಎಷ್ಟು ಕೆದಕಿದರೂ ಬಾಯಿಗೆ ಸಿಗುವುದಿಲ್ಲ. ಆಗ ಉಳಿಯುವುದು ಗಾಳಿಗೆ ಹಿಮ ಜಾಸ್ತಿ ನಿಲ್ಲದ ಬೋಳುಬೆಟ್ಟಗಳು. ಗಾಳಿಯಂತ್ರ ನಿಲ್ಲಿಸಲು ವಿದ್ಯುತ್ ಕಂಪನಿಗೂ ಅವೇ ಬೆಟ್ಟ ಬೇಕು!

2010ರಲ್ಲಿ ಗಾಳಿಯಂತ್ರಗಳಿಗೆ ಪರವಾನಗಿ ಸಿಕ್ಕಿತು, ಸಾಮಿಗಳು ಒಪ್ಪಲಿಲ್ಲ. ಕೋರ್ಟಿನಲ್ಲಿ ಕೇಸು ನಡೆಯುತ್ತಿದ್ದಾಗಲೇ ಫೋಸೆನ್‌ನ ಸ್ಟೋರ್‌ಹೇಯಾ ಮತ್ತು ರೋವಾನ್ ಎಂಬ ಎರಡು ಜಾಗಗಳಲ್ಲಿ ಒಟ್ಟು 151 ಯಂತ್ರಗಳು ಎದ್ದು ನಿಂತವು. ಹಿಮಸಾರಂಗ ಅವುಗಳ ಹತ್ತಿರ ಸುಳಿಯುವುದಿಲ್ಲ. ಕೆಳಗಿನ ಕೋರ್ಟು, ದೊಡ್ಡಿಯಲ್ಲಿ ಕೂಡಿಹಾಕಿ ಮೇವು ಹಾಕಿ ಅಂತ ಸುಮಾರು 9 ಕೋಟಿ ಕ್ರೋನ್ (ನಾರ್ವೆಯ ಹಣ) ಪರಿಹಾರ ಕೊಟ್ಟಿತು. ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ. 2021ರ ಅಕ್ಟೋಬರ್ 11ರಂದು 11 ನ್ಯಾಯಾಧೀಶರೂ ಒಮ್ಮತದಿಂದ ಪರವಾನಗಿ ಅಸಿಂಧು ಅಂದರು.

ಈ ತೀರ್ಪಿನಲ್ಲಿ ಗಮನಿಸಬೇಕಾದ್ದು ಎರಡು. ಒಂದು, ವಿಶ್ವಸಂಸ್ಥೆಯ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಪ್ಪಂದದ 27ನೇ ವಿಧಿ ಅಲ್ಪಸಂಖ್ಯಾತರ ಸಂಸ್ಕೃತಿಯನ್ನು ಕಾಯುತ್ತದೆ, ಸಾಮಿಗಳಿಗೆ ಮೇಯಿಸುವುದೇ ಸಂಸ್ಕೃತಿ, ಹಾಗಾಗಿ ದುಡ್ಡು ಕೊಟ್ಟು ದೊಡ್ಡಿಗೆ ಹಾಕಿಸಿದರೆ ಹಕ್ಕು ಉಳಿಯುವುದಿಲ್ಲ. ಇನ್ನೊಂದು, ಹಸಿರು ವಿದ್ಯುತ್ತು ಬೇಕೇ ಬೇಕು ಅಂತ ಕೋರ್ಟೂ ಒಪ್ಪಿತು, ಆದರೆ ಸಾಮಿಗಳಿಗೆ ಕಡಿಮೆ ತೊಂದರೆಯಾಗುವ ಬೇರೆ ದಾರಿ ಇತ್ತಲ್ಲ ಅಂತ ಕೇಳಿತು. ನನಗೆ ಇಡೀ ಪ್ರಕರಣದ ತಿರುಳು ಇಲ್ಲೇ ಇದೆ ಅನ್ನಿಸುತ್ತದೆ. ಹವಾಮಾನ ಕೆಡಿಸಿದವರು ಬೇರೆಯವರು, ಮೇವು ಕಳೆದುಕೊಂಡವರು ಇವರು, ಹವಾಮಾನ ಸರಿಪಡಿಸುವ ಹೆಸರಿನಲ್ಲಿ ಮತ್ತೆ ಬೆಟ್ಟ ಬಿಟ್ಟುಕೊಡಬೇಕಾದವರೂ ಇವರೇ ಅಂದರೆ ಯಾವ ನ್ಯಾಯ ಅಲ್ವಾ?

ಯಂತ್ರಗಳನ್ನು ಏನು ಮಾಡಬೇಕು ಅಂತ ತೀರ್ಪು ಹೇಳಲಿಲ್ಲ, ಅವು ತಿರುಗುತ್ತಲೇ ಇದ್ದವು. 2023ರ ಫೆಬ್ರವರಿಯಲ್ಲಿ ಸಾಮಿ ಯುವಜನರು ಓಸ್ಲೋದ ಇಂಧನ ಸಚಿವಾಲಯದೊಳಗೆ ಧರಣಿ ಕೂತರು. ಹಬ್ಬಕ್ಕೆ ಉಡುವ ಗಾಕ್ತಿ ಎಂಬ ಸಾಂಪ್ರದಾಯಿಕ ಉಡುಪನ್ನು ಒಳಮೈ ಹೊರಗೆ ಮಾಡಿ ತೊಟ್ಟು ಪ್ರತಿಭಟಿಸಿದರು. ಸ್ವೀಡನ್ನಿನ ಹವಾಮಾನ ಹೋರಾಟಗಾರ್ತಿ ಗ್ರೇಟಾ ಥುನ್‌ಬರ್ಗ್ ಕೂಡ ಬಂದು ಅವರ ಜೊತೆ ನಿಂತರು. ಸರ್ಕಾರ ಕ್ಷಮೆ ಕೇಳಿತು. ಆಮೇಲೆ ದಕ್ಷಿಣ ಫೋಸೆನ್‌ನವರ ಜೊತೆ 2023ರ ಡಿಸೆಂಬರಿನಲ್ಲಿ, ಉತ್ತರದವರ ಜೊತೆ 2024ರ ಮಾರ್ಚಿನಲ್ಲಿ ರಾಜಿ ಆಯಿತು. ಯಂತ್ರಗಳು ಅಲ್ಲೇ ಉಳಿದವು. ಪರವಾನಗಿ ಅವಧಿ ಮುಗಿದ ಮೇಲೆ ಮುಂದುವರಿಸಬೇಕಾದರೆ ಬೇಡ ಅನ್ನುವ ಹಕ್ಕು ದಕ್ಷಿಣದವರಿಗೆ ಸಿಕ್ಕಿದೆ, ಮೊದಲ ಪರವಾನಗಿ ಕೊಡುವಾಗ ಅವರಿಗೆ ಆ ಹಕ್ಕು ಇರಲಿಲ್ಲ.