ಏರ್ ಗ್ಯಾಪ್: ಹಳೆ ಕಾರಿನ ಎಬಿಎಸ್ ಎಡವುವ ಒಂದು ಮಿಲಿಮೀಟರ್ ಸಂದು

ಸಿಗ್ನಲ್ ಹತ್ತಿರ ಬಂದಿದೆ. ರಸ್ತೆ ಒಣಗಿದೆ, ಕಾರಿನ ವೇಗ ನಡೆಯುವವರ ವೇಗಕ್ಕಿಂತ ಜಾಸ್ತಿ ಇಲ್ಲ. ಬ್ರೇಕ್ ಮೇಲೆ ಕಾಲು ಹಗುರವಾಗಿ ಇಟ್ಟಿದ್ದೀರಿ. ಇನ್ನೇನು ನಿಂತಿತು ಅನ್ನುವಷ್ಟರಲ್ಲಿ ಪೆಡಲ್ ಕಾಲಡಿಯಲ್ಲಿ 'ಟರ್ರ್' ಎಂದು ನಡುಗುತ್ತದೆ. ಬಾನೆಟ್ ಒಳಗಿಂದ ಗೊರಗೊರ ಸದ್ದು. ಕಾರು ನೀವು ಅಂದುಕೊಂಡ ಜಾಗಕ್ಕಿಂತ ಒಂದು ಗೇಣು ಮುಂದೆ ಹೋಗಿ ನಿಲ್ಲುತ್ತದೆ.

ಜಾರುವ ರಸ್ತೆಯಲ್ಲಿ ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಇದೇ ನಡುಕ ಬಂದರೆ ಗಾಬರಿ ಬೇಡ, ಚಕ್ರ ಲಾಕ್ ಆಗಿ ಜಾರದಂತೆ ನೋಡಿಕೊಳ್ಳುವ ಎಬಿಎಸ್ ತನ್ನ ಕೆಲಸ ಮಾಡುತ್ತಿದೆ. ಒಣ ರಸ್ತೆಯಲ್ಲಿ, ಮೆಲ್ಲಗೆ ನಿಲ್ಲಿಸುವಾಗ ಬಂದರೆ ಮಾತ್ರ ಏನೋ ಸರಿಯಿಲ್ಲ. ಹಳೆ ಗಾಡಿಯಲ್ಲಿ ಇದರ ಜಾಡು ಹಿಡಿದು ಹೋದರೆ ಬಹಳ ಸಲ ಬಂದು ನಿಲ್ಲುವುದು ಒಂದೇ ಪದದ ಹತ್ತಿರ: ಏರ್ ಗ್ಯಾಪ್.

ಏರ್ ಗ್ಯಾಪ್ ಅಂದರೆ ಗಾಳಿ ಮಾತ್ರ ಇರುವ ಸಂದು. ಚಕ್ರದ ಜೊತೆ ತಿರುಗುವ ಹಲ್ಲಿನ ಉಂಗುರ ಒಂದು ಕಡೆ, ಅದರ ಎದುರು ಅಲ್ಲಾಡದೆ ಕೂತು ಚಕ್ರದ ವೇಗವನ್ನು ಎಬಿಎಸ್ ಕಂಪ್ಯೂಟರಿಗೆ ತಿಳಿಸುವ ಸೆನ್ಸರ್ ಇನ್ನೊಂದು ಕಡೆ. ಎರಡೂ ಒಂದಕ್ಕೊಂದು ಮುಟ್ಟಬಾರದು, ದೂರವೂ ಹೋಗಬಾರದು. ಹೆಚ್ಚಿನ ಕಾರುಗಳಲ್ಲಿ ಈ ಸಂದು 1 ಮಿಲಿಮೀಟರ್ ಆಸುಪಾಸು. ಜೇಬಿನಲ್ಲಿರುವ ಎಟಿಎಂ ಕಾರ್ಡ್ ಸುಮಾರು 0.76 ಮಿಲಿಮೀಟರ್ ದಪ್ಪ. ಅದಕ್ಕಿಂತ ಚೂರು ಜಾಸ್ತಿ ಅಂದುಕೊಳ್ಳಿ.

ಈ ಪದ ಕಾರಿನವರದ್ದು ಮಾತ್ರ ಅಲ್ಲ. ಮೋಟರ್ ರಿವೈಂಡಿಂಗ್ ಮಾಡುವವರು ತಿರುಗುವ ರೋಟರ್‌ಗೂ ಅಲ್ಲಾಡದ ಸ್ಟೇಟರ್‌ಗೂ ನಡುವಿನ ಸಂದಿಗೆ ಏರ್ ಗ್ಯಾಪ್ ಅನ್ನುತ್ತಾರೆ. ಪ್ಲಂಬಿಂಗ್‌ನಲ್ಲಿ ನಲ್ಲಿಯ ಬಾಯಿಗೂ ತೊಟ್ಟಿಯ ಅಂಚಿಗೂ ಬಿಡುವ ಅಂತರಕ್ಕೂ ಇದೇ ಹೆಸರು. ಕಾರಿನ ಏರ್ ಗ್ಯಾಪ್ ಮೋಟರಿನದ್ದಕ್ಕೆ ಹತ್ತಿರದ ನೆಂಟ. ಎರಡರಲ್ಲೂ ಆ ಖಾಲಿ ಜಾಗವನ್ನು ದಾಟಿ ಹೋಗುವುದು ಅಯಸ್ಕಾಂತದ ಸೆಳೆತ.

ಹಳೆ ಕಾರುಗಳ ಸೆನ್ಸರ್ ಒಳಗೆ ಒಂದು ಅಯಸ್ಕಾಂತ, ಅದರ ಸುತ್ತ ತಾಮ್ರದ ತಂತಿ ಸುತ್ತಿದ ಕಾಯಿಲ್ ಇರುತ್ತದೆ. ಅಷ್ಟೇ. ಹೊರಗಿನಿಂದ ಕರೆಂಟ್ ಬೇಕಿಲ್ಲ. ಉಂಗುರದ ಒಂದು ಹಲ್ಲು ಎದುರಿಗೆ ಬಂದಾಗ ಅಯಸ್ಕಾಂತದ ಸೆಳೆತ ಹೆಚ್ಚುತ್ತದೆ, ಹಲ್ಲು ದಾಟಿದಾಗ ಇಳಿಯುತ್ತದೆ. ಈ ಏರಿಳಿತಕ್ಕೆ ಕಾಯಿಲ್‌ನಲ್ಲಿ ಸಣ್ಣದೊಂದು ಎಸಿ ವೋಲ್ಟೇಜ್ ಹುಟ್ಟುತ್ತದೆ. ಸೈಕಲ್ ಡೈನಮೋ ನೋಡಿದ್ದೀರಲ್ವಾ, ಅದೇ ತತ್ವ. ಜೋರಾಗಿ ತುಳಿದರೆ ದೀಪ ಪ್ರಕಾಶವಾಗಿ ಉರಿಯುತ್ತದೆ, ನಿಧಾನವಾದರೆ ಮಂಕಾಗುತ್ತದೆ.

ಉಂಗುರಕ್ಕೆ 48 ಹಲ್ಲು, ಟೈರಿನ ಸುತ್ತಳತೆ 2 ಮೀಟರ್ ಎಂದು ಹಿಡಿಯಿರಿ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ ಸುಮಾರು 400 ಹಲ್ಲು ಸೆನ್ಸರ್ ಮುಂದೆ ಹಾದು ಹೋಗುತ್ತವೆ. ಆಗ ವೋಲ್ಟೇಜೂ ದಂಡಿಯಾಗಿ ಸಿಗುತ್ತದೆ. 5 ಕಿಲೋಮೀಟರ್ ವೇಗಕ್ಕೆ ಇಳಿದರೆ ಬರೀ 33 ಹಲ್ಲು. ವೋಲ್ಟೇಜ್ ಬಡಕಲಾಗುತ್ತದೆ, ಕೊನೆಗೆ ಎಬಿಎಸ್ ಕಂಪ್ಯೂಟರಿಗೆ ಕಾಣದಷ್ಟು ಕಮ್ಮಿಯಾಗುತ್ತದೆ. ನಾಲ್ಕೂ ಚಕ್ರಗಳ ಸಿಗ್ನಲ್ ಹೀಗೆ ಒಟ್ಟಿಗೆ ಮಾಯವಾದರೆ ತೊಂದರೆ ಇಲ್ಲ, ಕಾರು ನಿಂತಿದೆ ಎಂದು ಕಂಪ್ಯೂಟರ್ ಸುಮ್ಮನಾಗುತ್ತದೆ.

ಒಂದು ಚಕ್ರದಲ್ಲಿ ಮಾತ್ರ ಸಂದು ಅರ್ಧ ಮಿಲಿಮೀಟರ್ ದೊಡ್ಡದಾಗಿದೆ ಅಂತಿಟ್ಟುಕೊಳ್ಳಿ. ಅದರ ಸಿಗ್ನಲ್ ಮೊದಲೇ ಕ್ಷೀಣ. ಉಳಿದ ಮೂರು ಚಕ್ರಗಳು ಇನ್ನೂ 8 ಕಿಲೋಮೀಟರ್ ವೇಗ ತೋರಿಸುವಾಗಲೇ ಇದು ಸೊನ್ನೆಗೆ ಬೀಳುತ್ತದೆ. ಮೂರು ತಿರುಗುತ್ತಿವೆ, ಒಂದು ನಿಂತಿದೆ, ಕಾಲು ಬ್ರೇಕ್ ಮೇಲಿದೆ. ಕಂಪ್ಯೂಟರಿಗೆ ಇದರ ಅರ್ಥ ಒಂದೇ: ಆ ಚಕ್ರ ಲಾಕ್ ಆಗಿದೆ, ಅದರ ಬ್ರೇಕ್ ಒತ್ತಡ ಬಿಡು. ಬಿಡುತ್ತದೆ. ನಿಮ್ಮ ಕಾಲಿಗೆ 'ಟರ್ರ್' ಎಂದು ಸಿಗುವುದು ಅದೇ. ಕಂಪ್ಯೂಟರಿನ ಲೆಕ್ಕ ತಪ್ಪಿಲ್ಲ. ಅದಕ್ಕೆ ಸಿಕ್ಕ ವರದಿಯೇ ಸುಳ್ಳು.

ಈ ಕಾಯಿಲೆಯಲ್ಲಿ ಡ್ಯಾಶ್‌ಬೋರ್ಡಿನ ಹಳದಿ ಎಬಿಎಸ್ ಲೈಟ್ ಹೊತ್ತಿಕೊಳ್ಳದೆಯೂ ಇರಬಹುದು. ಜನ ದಾರಿ ತಪ್ಪುವುದು ಇಲ್ಲಿಯೇ. ಲೈಟ್ ಇಲ್ಲ, ಹಾಗಾಗಿ ಎಬಿಎಸ್ ಸರಿಯಿದೆ, ಚಕ್ರದ ಬ್ರೇಕ್ ಡಿಸ್ಕ್ ಸೊಟ್ಟಗಾಗಿರಬೇಕು ಎಂದು ಡಿಸ್ಕ್ ಬದಲಿಸುತ್ತಾರೆ. ಸೊಟ್ಟ ಡಿಸ್ಕಿನ ನಡುಕ ಸಾಮಾನ್ಯವಾಗಿ ಜೋರು ವೇಗದಿಂದ ಬ್ರೇಕ್ ಹಾಕಿದಾಗ ಬರುತ್ತದೆ, ಎಷ್ಟೋ ಸಲ ಸ್ಟೀರಿಂಗ್‌ನಲ್ಲೂ ತಿಳಿಯುತ್ತದೆ, ವೇಗ ಇಳಿದ ಹಾಗೆ ಅದರ ತಾಳವೂ ನಿಧಾನವಾಗುತ್ತದೆ. ಎಬಿಎಸ್‌ನ ಸುಳ್ಳು ನಡುಕ ಕೊನೆಯ ಒಂದೆರಡು ಮೀಟರಿನಲ್ಲಿ ಇದ್ದಕ್ಕಿದ್ದ ಹಾಗೆ ಬಂದು ಹೋಗುತ್ತದೆ. ಆಮೇಲೂ ಅನುಮಾನ ಇದ್ದರೆ ಖಾಲಿ ಮೈದಾನದಲ್ಲಿ ಎಬಿಎಸ್ ಫ್ಯೂಸ್ ತೆಗೆದು, ನಿಧಾನ ವೇಗದಲ್ಲಿ ನಾಲ್ಕಾರು ಸಲ ನಿಲ್ಲಿಸಿ ನೋಡಿ. ನಡುಕ ಮಾಯವಾದರೆ ಡಿಸ್ಕ್ ನಿರಪರಾಧಿ. ಫ್ಯೂಸ್ ವಾಪಸ್ ಹಾಕಿಯೇ ರಸ್ತೆಗೆ ಇಳಿಯಿರಿ.

ಹಾಗಾದರೆ ಲೈಟ್ ಹೊತ್ತಿಯೇ ಇದ್ದರೆ? ಕಂಪ್ಯೂಟರ್ ದೋಷ ಕಂಡು ಎಬಿಎಸ್ ಅನ್ನು ತಾನೇ ಬಂದ್ ಮಾಡಿದೆ ಎಂದರ್ಥ. ಸಾದಾ ಬ್ರೇಕ್ ಇರುತ್ತದೆ, ಗಟ್ಟಿಯಾಗಿ ಒತ್ತಿದರೆ ಚಕ್ರ ಲಾಕ್ ಆಗಬಹುದು, ಅಷ್ಟು ಗಮನದಲ್ಲಿರಲಿ. ಜೊತೆಗೆ ಕೆಂಪು ಬ್ರೇಕ್ ಲೈಟೂ ಬಂದಿದ್ದರೆ ಮಾತು ಬೇರೆ. ಹ್ಯಾಂಡ್ ಬ್ರೇಕ್ ಬಿಟ್ಟಿದ್ದೀರಾ, ಬ್ರೇಕ್ ಆಯಿಲ್ ಕಮ್ಮಿಯಾಗಿದೆಯಾ ನೋಡಿ. ಎರಡೂ ಸರಿಯಿದ್ದರೂ ಕೆಂಪು ಆರದಿದ್ದರೆ ಗಾಡಿ ಓಡಿಸಬೇಡಿ. ಇನ್ನು ಕೀ ತಿರುಗಿಸಿದಾಗ ಹಳದಿ ಲೈಟ್ ಒಂದೆರಡು ಸೆಕೆಂಡ್ ಹೊತ್ತಿ ಆರಬೇಕು. ಹೊತ್ತುವುದೇ ಇಲ್ಲವೆಂದರೆ ಬಲ್ಬ್ ಹೋಗಿದೆ, ಅಥವಾ ಕಾರು ಮಾರುವ ಮುಂಚೆ ಯಾರೋ ಕಿತ್ತಿಟ್ಟಿದ್ದಾರೆ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವಾಗ ನಾನು ಮೊದಲು ನೋಡುವುದೇ ಇದನ್ನು.

ಗಾಳಿಯ ಸಂದು ತಾನಾಗಿಯೇ ಹೇಗೆ ದೊಡ್ಡದಾಗುತ್ತದೆ? ಹೆಚ್ಚಾಗಿ ತುಕ್ಕಿನಿಂದ. ಸೆನ್ಸರ್ ಕೂರುವ ಜಾಗ ಕಬ್ಬಿಣದ್ದು. ಅಲ್ಲಿ ನೀರು ಸೇರಿ ತುಕ್ಕು ಹಿಡಿಯುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಜಾಸ್ತಿ ಜಾಗ ಬೇಕು, ಹಾಗಾಗಿ ಅದು ಉಬ್ಬಿ ಸೆನ್ಸರನ್ನು ಕೆಳಗಿನಿಂದ ಮೇಲಕ್ಕೆ ತಳ್ಳುತ್ತದೆ. ಬೋಲ್ಟ್ ಬಿಗಿಯಾಗಿಯೇ ಇರುತ್ತದೆ, ಸೆನ್ಸರ್ ಮಾತ್ರ ಕೂದಲೆಳೆಯಷ್ಟು ಓರೆಯಾಗಿ ಎದ್ದಿರುತ್ತದೆ. ಹೊರಗಿನಿಂದ ನೋಡಿದರೆ ಗೊತ್ತೇ ಆಗುವುದಿಲ್ಲ.

ನನ್ನ ಹಳೆ ಕಾರಿನಲ್ಲಿ ಆಗಿದ್ದು ಇದೇ. ಸ್ಕ್ಯಾನರಿನಲ್ಲಿ ಬಂದ ದೋಷದ ಕೋಡ್ ಮುಂದಿನ ಎಡ ಚಕ್ರ ಅಂದಿತು, ಮೆಕ್ಯಾನಿಕ್ ಹೊಸ ಸೆನ್ಸರ್ ಹಾಕಿದ. ಮೂರು ವಾರಕ್ಕೆ ಅದೇ ಕಥೆ. ಎರಡನೇ ಸಲ ನಾನೇ ಪಕ್ಕದಲ್ಲಿ ಕೂತು ನೋಡಿದೆ. ಸೆನ್ಸರ್ ಎಳೆದಾಗ ಅದರ ಬುಡದಲ್ಲಿ ಕಂದು ಬಣ್ಣದ ಹೊಟ್ಟು ಪದರ ಪದರವಾಗಿ ಉದುರಿತು. ಹೊಸ ಸೆನ್ಸರನ್ನು ಅದೇ ತುಕ್ಕಿನ ಮೇಲೆ ಕೂರಿಸಿದ್ದರು! ಸ್ಕ್ರೂಡ್ರೈವರಿನಿಂದ ಕೆರೆದು, ಎಮರಿ ಪೇಪರಿನಲ್ಲಿ ಉಜ್ಜಿ, ಹೊಳೆಯುವ ಲೋಹ ಕಂಡ ಮೇಲೆ ಅದೇ ಸೆನ್ಸರನ್ನು ಮತ್ತೆ ಹಾಕಿದೆವು. ಕೆಲಸ ಮಾಡಿತು. ತುಕ್ಕು ಹಿಡಿದ ಸೆನ್ಸರ್ ಎಳೆಯುವಾಗ ಅವಸರ ಬೇಡ. ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ. ಸುತ್ತಿಗೆ ತಗೊಂಡರೆ ಪ್ಲಾಸ್ಟಿಕ್ ತುಂಡಾಗಿ ಅರ್ಧ ಒಳಗೇ ಉಳಿಯುತ್ತದೆ.

ಬೇರಿಂಗ್ ಸವೆದರೂ ಸಂದು ಹಾಳಾಗುತ್ತದೆ. ಚಕ್ರ ಕೂರುವ ಹಬ್ ಅಲ್ಲಾಡುತ್ತದೆ, ಉಂಗುರ ಸೆನ್ಸರಿನ ಹತ್ತಿರ ಬಂದು ದೂರ ಹೋಗುತ್ತದೆ, ತಿರುವಿನಲ್ಲಿ ಜಾಸ್ತಿ. ಸೆನ್ಸರ್ ತುದಿ ಅಯಸ್ಕಾಂತ ಆದ್ದರಿಂದ ಕಬ್ಬಿಣದ ಪುಡಿ ಅದಕ್ಕೆ ಮೀಸೆ ಬೆಳೆದ ಹಾಗೆ ಅಂಟಿಕೊಳ್ಳುತ್ತದೆ. ಅದನ್ನು ಬಟ್ಟೆಯಲ್ಲಿ ಒರೆಸಿದರೆ ಸಾಕು.

ಉಂಗುರವೇ ಬಿರುಕು ಬಿಡುವುದೂ ಉಂಟು. ಚಕ್ರ ತಿರುಗಿಸುವ ಡ್ರೈವ್ ಶಾಫ್ಟ್ ಮೇಲೆ ಬಿಗಿಯಾಗಿ ಕೂರಿಸಿದ ಉಂಗುರದ ಕೆಳಗೆ ತುಕ್ಕು ಉಬ್ಬಿದರೆ ಅದು ಒಂದು ಕಡೆ ಸೀಳುತ್ತದೆ. ಆ ಜಾಗದಲ್ಲಿ ಎರಡು ಹಲ್ಲುಗಳ ನಡುವಿನ ದೂರ ಹೆಚ್ಚಾಗಿ, ಸುತ್ತಿಗೊಮ್ಮೆ ಲೆಕ್ಕ ತಪ್ಪುತ್ತದೆ. ಚಕ್ರವನ್ನು ಕೈಯಲ್ಲಿ ನಿಧಾನವಾಗಿ ಒಂದು ಪೂರ್ತಿ ಸುತ್ತು ತಿರುಗಿಸಿ, ಟಾರ್ಚ್ ಹಿಡಿದು ಪ್ರತಿ ಹಲ್ಲನ್ನೂ ನೋಡಬೇಕು. ಅರ್ಧ ಸುತ್ತಿಗೆ ಬೇಸರವಾಗಿ ಬಿಟ್ಟರೆ ಬಿರುಕು ಖಂಡಿತ ಉಳಿದ ಅರ್ಧದಲ್ಲಿರುತ್ತದೆ. ಕಾರನ್ನು ಬರೀ ಜಾಕ್ ಮೇಲೆ ನಿಲ್ಲಿಸಿ ಈ ಕೆಲಸ ಮಾಡಬೇಡಿ, ಸ್ಟ್ಯಾಂಡ್ ಕೊಡಿ.

ಯಾವ ಚಕ್ರ ಎಂದು ಕಂಡುಹಿಡಿಯಲು ಸ್ಕ್ಯಾನರ್ ಇದ್ದರೆ ಸುಲಭ. ಆದರೆ ಅಗ್ಗದ ರೀಡರ್‌ಗಳು ಹೆಚ್ಚಾಗಿ ಎಂಜಿನ್ ಕೋಡ್ ಮಾತ್ರ ಓದುತ್ತವೆ. ಎಬಿಎಸ್ ಕೋಡ್ ಓದಬಲ್ಲದ್ದೇ ಬೇಕು. ಕೋಡ್ ಬಂದರೂ ಅದು ಹೇಳುವುದು 'ಈ ಚಕ್ರದ ಸರ್ಕ್ಯೂಟ್‌ನಲ್ಲಿ ತೊಂದರೆ' ಎಂದಷ್ಟೇ. ಸೆನ್ಸರ್, ವೈರ್, ಕನೆಕ್ಟರ್, ಉಂಗುರ, ಸಂದು, ಯಾವುದೂ ಆಗಿರಬಹುದು. ನನಗೆ ಕೋಡಿಗಿಂತ ಲೈವ್ ಡೇಟಾ ಮೇಲೆ ನಂಬಿಕೆ. ನಾಲ್ಕೂ ಚಕ್ರಗಳ ವೇಗವನ್ನು ಒಟ್ಟಿಗೆ ತೆರೆದಿಟ್ಟು ಕಾರನ್ನು ಮೆಲ್ಲಗೆ ನಿಲ್ಲಿಸಿ. ಪರದೆ ನೋಡಲು ಪಕ್ಕದಲ್ಲಿ ಇನ್ನೊಬ್ಬರು ಇರಲಿ. ಮಿಕ್ಕವಕ್ಕಿಂತ ಮೊದಲೇ ಸೊನ್ನೆಗೆ ಬೀಳುವ ಚಕ್ರವೇ ಕಳ್ಳ.

ಸ್ಕ್ಯಾನರ್ ಇಲ್ಲದಿದ್ದರೆ ಮಲ್ಟಿಮೀಟರ್. ಸೆನ್ಸರ್ ಕನೆಕ್ಟರ್ ಬಿಡಿಸಿ ರೆಸಿಸ್ಟೆನ್ಸ್ ನೋಡಿ. ಹಳೆ ಕಾಯಿಲ್ ಸೆನ್ಸರ್‌ಗಳು ಸಾಮಾನ್ಯವಾಗಿ ಸಾವಿರ, ಎರಡು ಸಾವಿರ ಓಮ್ ಸುತ್ತಮುತ್ತ ತೋರಿಸುತ್ತವೆ. ನಿಖರ ಅಂಕಿ ಕಾರಿನಿಂದ ಕಾರಿಗೆ ಬೇರೆ, ಹಾಗಾಗಿ ಎಡವನ್ನು ಬಲದ ಜೊತೆ ಹೋಲಿಸುವುದೇ ವಾಸಿ. ಆಮೇಲೆ ಮೀಟರನ್ನು ಎಸಿ ವೋಲ್ಟ್‌ಗೆ ಹಾಕಿ ಚಕ್ರವನ್ನು ಸೆಕೆಂಡಿಗೆ ಒಂದು ಸುತ್ತಿನಂತೆ ತಿರುಗಿಸಿ. ರೆಸಿಸ್ಟೆನ್ಸ್ ಎರಡೂ ಕಡೆ ಒಂದೇ, ವೋಲ್ಟೇಜ್ ಮಾತ್ರ ಒಂದು ಕಡೆ ಅರ್ಧ ಅಂದರೆ ಸೆನ್ಸರ್ ಬಹುತೇಕ ಚೆನ್ನಾಗಿಯೇ ಇದೆ, ಸಂದು ಕೆಟ್ಟಿದೆ. ದುಡ್ಡು ಕೊಟ್ಟು ಹೊಸ ಸೆನ್ಸರ್ ತರುವ ಮೊದಲು ಈ ಹತ್ತು ನಿಮಿಷ ಕೊಡಿ. ರೆಸಿಸ್ಟೆನ್ಸೇ ಏರುಪೇರಾಗುತ್ತಿದ್ದರೆ ವೈರನ್ನು ಅಲ್ಲಾಡಿಸುತ್ತಾ ಮೀಟರ್ ನೋಡಿ. ಮುಂದಿನ ಚಕ್ರದ ವೈರ್ ಸ್ಟೀರಿಂಗ್ ಜೊತೆ ಬಾಗಿ ಬಾಗಿ, ಹೊದಿಕೆ ಸರಿಯಿದ್ದರೂ ಒಳಗೆ ತುಂಡಾಗಿರುತ್ತದೆ.

ಈ ಪರೀಕ್ಷೆ ಕಾಯಿಲ್ ಸೆನ್ಸರಿಗೆ ಮಾತ್ರ. ಸ್ವಲ್ಪ ಹೊಸ ಗಾಡಿಗಳಲ್ಲಿ ಕರೆಂಟ್ ಕೊಟ್ಟರಷ್ಟೇ ಕೆಲಸ ಮಾಡುವ ಆಕ್ಟಿವ್ ಸೆನ್ಸರ್ ಇರುತ್ತದೆ. ಅದಕ್ಕೆ ಓಮ್ ಅಳತೆಯಿಂದ ಪ್ರಯೋಜನ ಇಲ್ಲ. ಕನೆಕ್ಟರಿಗೆ ವೋಲ್ಟೇಜ್ ಬರುತ್ತಿದೆಯಾ ಎಂದು ನೋಡಬೇಕು. ಇಂಥ ಎಷ್ಟೋ ಕಾರುಗಳಲ್ಲಿ ಹಲ್ಲಿನ ಉಂಗುರವೇ ಇಲ್ಲ, ಬೇರಿಂಗ್ ಸೀಲಿನಲ್ಲೇ ಅಯಸ್ಕಾಂತದ ಪಟ್ಟಿ ಇರುತ್ತದೆ. ಬೇರಿಂಗನ್ನು ಹಿಂದುಮುಂದಾಗಿ ಹಾಕಿದರೆ ಆ ಪಟ್ಟಿ ಸೆನ್ಸರಿಗೆ ಬೆನ್ನು ತೋರಿಸಿ ಕೂರುತ್ತದೆ. ಬೇರಿಂಗ್ ಬದಲಿಸಿದ ದಿನದಿಂದಲೇ ಎಬಿಎಸ್ ಲೈಟ್ ಶುರುವಾಗಿದ್ದರೆ ಮೊದಲ ಅನುಮಾನ ಇದರ ಮೇಲಿರಲಿ.

ಎಲ್ಲ ಎಬಿಎಸ್ ತೊಂದರೆಯೂ ಏರ್ ಗ್ಯಾಪಿನದ್ದಲ್ಲ. ಬ್ಯಾಟರಿ ಸೊರಗಿದ್ದರೂ, ಅರ್ಥ್ ವೈರ್ ತುಕ್ಕು ಹಿಡಿದಿದ್ದರೂ ಲೈಟ್ ಬರುತ್ತದೆ. ತಣ್ಣಗಿದ್ದಾಗ ಸರಿಯಿದ್ದು ಬಿಸಿಯಾದ ಮೇಲೆ ಕೈಕೊಟ್ಟರೆ ಎಬಿಎಸ್ ಕಂಪ್ಯೂಟರ್ ಒಳಗಿನ ಬೆಸುಗೆ ಬಿಟ್ಟಿರಬಹುದು. ಒಂದು ಟೈರ್ ಮಾತ್ರ ಬೇರೆ ಸೈಜ್ ಆಗಿದ್ದರೆ ಅದರ ವೇಗವೂ ಬೇರೆಯೇ ಕಾಣುತ್ತದೆ.

ಎಲೆಕ್ಟ್ರಾನಿಕ್ ಎಬಿಎಸ್ ಅನ್ನು ಬಾಷ್ ಕಂಪನಿ ಮರ್ಸಿಡಿಸ್ ಎಸ್-ಕ್ಲಾಸ್ ಕಾರಿಗೆ ಕೊಟ್ಟಿದ್ದು 1978ರಲ್ಲಿ. ಶುರುವಿನ ಕಾರುಗಳಲ್ಲಿ ಕೆಲವಕ್ಕೆ ಏರ್ ಗ್ಯಾಪನ್ನು ಕೈಯಿಂದ ಹೊಂದಿಸಬಹುದಿತ್ತು. ಸಂದು ಅಳೆಯುವ ಫೀಲರ್ ಗೇಜಿನ ತೆಳು ಎಲೆ ತೂರಿಸಿ, ಸರಿಯಾದ ಅಳತೆಗೆ ಬಿಗಿ ಮಾಡುತ್ತಿದ್ದರು. ಉಕ್ಕಿನ ಎಲೆ ಅಯಸ್ಕಾಂತಕ್ಕೆ ಅಂಟಿ ಕಾಟ ಕೊಡುತ್ತದೆ, ಹಿತ್ತಾಳೆಯದ್ದು ಒಳ್ಳೆಯದು. ಆಮೇಲಿನವುಗಳಲ್ಲಿ ಹೊಂದಿಸುವ ಸೌಕರ್ಯ ಇಲ್ಲ. ಕೂರುವ ಜಾಗ ಶುಚಿಯಾಗಿದ್ದರೆ ಸಂದು ತಾನೇ ಸರಿಯಾಗುತ್ತದೆ. ವಾಷರ್ ಇಟ್ಟೋ ಸೆನ್ಸರ್ ತುದಿ ಉಜ್ಜಿಯೋ ಸರಿಮಾಡಲು ಹೋಗಬೇಡಿ.

ಎಲ್ಲ ಜೋಡಿಸಿದ ಮೇಲೆ ಲೈಟ್ ತಕ್ಷಣ ಆರದಿದ್ದರೆ ಬೇಸರ ಬೇಡ. ಕೆಲವು ಕಾರುಗಳು ಚಕ್ರ ತಿರುಗಿ ನಾಲ್ಕೂ ಸಿಗ್ನಲ್ ಬಂದ ಮೇಲಷ್ಟೇ ಲೈಟ್ ಆರಿಸುತ್ತವೆ. ಖಾಲಿ ರಸ್ತೆಯಲ್ಲಿ 20–30 ಕಿಲೋಮೀಟರ್ ವೇಗಕ್ಕೆ ಹೋಗಿ, ಕಾಲನ್ನು ಬ್ರೇಕ್ ಮೇಲೆ ಹಗುರವಾಗಿಟ್ಟು ನಿಲ್ಲಿಸಿ. ಹತ್ತು ಸಲ ಹೀಗೆ ಮಾಡಿ, ರೇಡಿಯೋ ಬಂದ್ ಇರಲಿ. ಆ ಕೊನೆಯ ಒಂದೆರಡು ಮೀಟರಿನಲ್ಲಿ ಪೆಡಲ್ ಹತ್ತೂ ಸಲ ತಣ್ಣಗಿದ್ದರೆ ಜಾಕ್, ಸ್ಟ್ಯಾಂಡ್ ಎತ್ತಿಡಬಹುದು.