ಕಡಿದರೂ ಜೀವ ಬಿಡದ ಸಂಖ್ಯೆ

ಮುಂಗಾರು ಹಿಡಿಯುವ ಮುಂಚೆ ಮೂಡಿಗೆರೆ ಕಡೆಯ ತೋಟಗಳಲ್ಲಿ ಮರಗಸಿ ನಡೆಯುತ್ತದೆ. ಕಾಫಿ ಗಿಡಕ್ಕೆ ಬೆಳಕು ಬೀಳಲೆಂದು ನೆರಳುಮರಗಳ ಕೊಂಬೆ ಸವರುತ್ತಾರೆ. ನಮ್ಮ ತೋಟದ ಹಾಲುವಾಣಕ್ಕಂತೂ ಕತ್ತಿಯ ಭಯವೇ ಇಲ್ಲ, ಗೂಟ ಉಳಿದರೂ ಸಾಕು, ಚಿಗುರಿಬಿಡುತ್ತದೆ. ಈ ಸಲ ಅದನ್ನು ನೋಡುತ್ತ ನಿಂತವನಿಗೆ ಒಂದು ಸಂಖ್ಯೆ ನೆನಪಾಯಿತು: 73939133. ಅಂದರೆ 7 ಕೋಟಿ 39 ಲಕ್ಷ 39 ಸಾವಿರದ 133.

ಇದು ಅವಿಭಾಜ್ಯ ಸಂಖ್ಯೆ. 1 ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗದು. ಬಲತುದಿಯ ಅಂಕಿಯನ್ನು ಕಡಿಯಿರಿ: 7393913. ಅದೂ ಅವಿಭಾಜ್ಯ. ಮತ್ತೆ ಕಡಿದರೆ 739391, ಆಮೇಲೆ 73939, 7393, 739, 73, ಕೊನೆಗೆ 7. ಒಂದೂ ಸೋಲುವುದಿಲ್ಲ! ಹೀಗೆ ತುದಿ ಕಡಿದರೂ ಅವಿಭಾಜ್ಯವಾಗಿಯೇ ಉಳಿಯುವ ಸಂಖ್ಯೆಗಳು ಒಟ್ಟು 83. ಅವುಗಳಲ್ಲಿ ಇದೇ ದೊಡ್ಡದು.

ಅವಿಭಾಜ್ಯಗಳಿಗೆ ಕೊನೆಯೆಂಬುದಿಲ್ಲ. ಹಾಗಿದ್ದೂ ಈ ಸಾಲು ಎಂಟೇ ಅಂಕಿಗೆ ನಿಂತದ್ದೇಕೆ?

ಕಡಿಯುವುದನ್ನು ಬಿಟ್ಟು, ಬುಡದಿಂದ ಬೆಳೆಸಿ ನೋಡೋಣ. ಬುಡದಲ್ಲಿ 2, 3, 5, 7 ಇವುಗಳಲ್ಲೊಂದು ಇರಬೇಕು. ಮುಂದೆ ಸೇರಿಸುವ ಅಂಕಿ ಸಮವಾದರೆ ಸಂಖ್ಯೆ 2ರಿಂದ ಭಾಗವಾಗುತ್ತದೆ, 5 ಆದರೆ 5ರಿಂದ. ಉಳಿಯುವುದು 1, 3, 7, 9. ಇಲ್ಲಿಂದ 3ರ ಕಾಟ ಶುರು. ಅಂಕಿಗಳ ಮೊತ್ತ 3ರಿಂದ ಭಾಗವಾದರೆ ಸಂಖ್ಯೆಯೂ ಭಾಗವಾಗುತ್ತದೆಂದು ಶಾಲೆಯಲ್ಲಿ ಕಲಿತಿದ್ದೇವೆ. ಆ ಮೊತ್ತವನ್ನು 3ರಿಂದ ಭಾಗಿಸಿದಾಗ ಶೇಷ 2 ಬರುವಂತಿದ್ದರೆ, 1 ಅಥವಾ 7 ಸೇರಿಸಿದ ಕೂಡಲೇ ಮೊತ್ತ 3ರ ಮಗ್ಗಿಗೆ ಬೀಳುತ್ತದೆ. 3 ಅಥವಾ 9 ಸೇರಿಸಿದರೆ ಶೇಷ ಇದ್ದಂತೆಯೇ ಇರುತ್ತದೆ. ಅಂದಮೇಲೆ, ಒಮ್ಮೆ ಶೇಷ 2 ಆಯಿತೆಂದರೆ ಮುಂದೆಲ್ಲ 3 ಮತ್ತು 9ಕ್ಕೆ ಮಾತ್ರ ಜಾಗ.

ಈಗ 73939133 ಅನ್ನು ಇನ್ನೊಮ್ಮೆ ಓದಿ. 7ರ ಶೇಷ 1. 3, 9, 3, 9 ಸೇರುವವರೆಗೂ ಅದು 1 ಆಗಿಯೇ ಇದೆ. ಆಮೇಲೆ ಒಂದೇ ಒಂದು ಸಲ 1 ಬಂತು, ಶೇಷ 2 ಆಯಿತು, ಬಾಗಿಲು ಮುಚ್ಚಿತು. ಅಲ್ಲಿಂದಾಚೆ 3, 3. ಇದು ಹೊಳೆದ ದಿನ ಎಂಟಂಕಿಯ ಉಳಿದ ನಾಲ್ಕನ್ನೂ ಹಾಳೆಯ ಮೇಲೆ ಬರೆದುಕೊಂಡೆ: 23399339, 29399999, 37337999, 59393339. 2 ಮತ್ತು 5ರಿಂದ ಹುಟ್ಟಿದವಕ್ಕೆ ಮೊದಲಿಂದಲೇ ಶೇಷ 2. ಆ ಮೂರರ ಮೈಯಲ್ಲೂ ಮೊದಲಂಕಿ ಬಿಟ್ಟರೆ ಬರೀ 3 ಮತ್ತು 9! ನಿಯಮವನ್ನು ಕಣ್ಣಾರೆ ಕಂಡಂತಾಯಿತು.

ಇತ್ತ ಕವಲು ಎರಡಕ್ಕಿಳಿದರೆ, ಅತ್ತ ಅವಿಭಾಜ್ಯಗಳೂ ವಿರಳವಾಗುತ್ತ ಹೋಗುತ್ತವೆ. ನೂರರೊಳಗೆ 25 ಇವೆ, ನಾಲ್ಕಕ್ಕೊಂದು. ಹತ್ತು ಕೋಟಿಯೊಳಗೆ 57,61,455, ಸುಮಾರು ಹದಿನೇಳಕ್ಕೊಂದು. ಹಾಗಾಗಿ ನಾಲ್ಕಂಕಿಯಲ್ಲಿ 16 ಇದ್ದ ನಮ್ಮ ಸಂಖ್ಯೆಗಳು ಏಳಂಕಿಗೆ 8 ಆಗುತ್ತವೆ, ಎಂಟಂಕಿಗೆ 5. 73939133ರ ಮುಂದೆ 1 ಹಾಕಿದರೆ ಮೊತ್ತ 39, 7 ಹಾಕಿದರೆ 45, ಎರಡೂ 3ರ ಪಾಲು. 3 ಅಥವಾ 9 ಹಾಕಿದರೂ ಸಿಗುವುದು ಅವಿಭಾಜ್ಯವಲ್ಲ. ಉಳಿದ ನಾಲ್ಕರ ಗತಿಯೂ ಅದೇ.

ಎಡದಿಂದ ಕಡಿಯುವವರಿಗೆ ಇಷ್ಟು ಬಿಗಿಯಿಲ್ಲ. ಎಡಕ್ಕೆ ಸಮ ಅಂಕಿ ಸೇರಿಸಿದರೂ, 5 ಸೇರಿಸಿದರೂ ಅಡ್ಡಿಯಿಲ್ಲ. ಸೊನ್ನೆ ಬಾರದ ಅಂಥ ಸಂಖ್ಯೆಗಳು 4260 ಇವೆ. ಅವುಗಳಲ್ಲಿ ದೊಡ್ಡದು 24 ಅಂಕಿಯದು: 357686312646216567629137.